ಡೆಟ್ರಾಯ್ಟ್‌ನ 13ನೇ ಕ್ಷೇತ್ರ: ಬೆಳಗಾವಿಯ ಥಾನೇದಾರ್‌ಗೆ ಸ್ವಂತ ಪಕ್ಷದವರೇ ಎದುರು ನಿಂತಿದ್ದೇಕೆ?

ಶ್ರೀ ಥಾನೇದಾರ್ ಬಗ್ಗೆ ನಮ್ಮಲ್ಲಿ ಬರುವ ಸುದ್ದಿಗಳೆಲ್ಲ ಹೆಚ್ಚುಕಮ್ಮಿ ಒಂದೇ ಧಾಟಿಯವು. ಚಿಕ್ಕೋಡಿಯಲ್ಲಿ ಹುಟ್ಟಿದರು, ಬೆಳಗಾವಿಯಲ್ಲಿ ಕಷ್ಟದಲ್ಲಿ ಬೆಳೆದರು, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಮುಗಿಸಿದರು. 1979ರಲ್ಲಿ ಅಮೆರಿಕಕ್ಕೆ ಹೋಗಿ ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿದರು, ಸಣ್ಣ ಲ್ಯಾಬ್ ಒಂದನ್ನು ಕೊಂಡು ಬೆಳೆಸಿದರು, ಕೊನೆಗೆ ಮಿಷಿಗನ್ ರಾಜ್ಯದ ಡೆಟ್ರಾಯ್ಟ್ ನಗರದ 13ನೇ ಕ್ಷೇತ್ರದಿಂದ ಅಲ್ಲಿನ ಸಂಸತ್ತಿಗೇ ಆಯ್ಕೆಯಾದರು. ಹೆಮ್ಮೆಪಡುವಂಥ ಕಥೆಯೇ.

ಆದರೆ 2025ರಿಂದ ಬರುತ್ತಿರುವ ಸುದ್ದಿ ಈ ಕಥೆಗೆ ಹೊಂದುತ್ತಿಲ್ಲ. ಮಿಷಿಗನ್ ರಾಜ್ಯದ ಶಾಸಕ ಡಾನವನ್ ಮೆಕಿನ್ನಿ, 2025ರ ಏಪ್ರಿಲ್‌ನಲ್ಲಿ, ಥಾನೇದಾರ್ ವಿರುದ್ಧ ಸ್ಪರ್ಧಿಸುವುದಾಗಿ ಘೋಷಿಸಿದರು. ಇಬ್ಬರೂ ಡೆಮಾಕ್ರಟಿಕ್ ಪಕ್ಷದವರು. ಪಕ್ಕದ ಕ್ಷೇತ್ರದ ಸಂಸದೆ ರಶೀದಾ ತ್ಲೈಬ್, ಅದೇ ಪಕ್ಷದವರು, ಬೆಂಬಲ ಕೊಟ್ಟಿದ್ದು ಮೆಕಿನ್ನಿಗೆ. ಹಾಲಿ ಸಂಸದರನ್ನು ಬಿಟ್ಟು! ಎರಡು ಸಲ ನವೆಂಬರ್ ಚುನಾವಣೆಯಲ್ಲಿ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ಮತ ಪಡೆದು ಗೆದ್ದವರನ್ನು ಅವರ ಪಕ್ಷದವರೇ ಯಾಕೆ ಕೆಳಗಿಳಿಸಲು ಹೊರಟಿದ್ದಾರೆ? ಇದಕ್ಕೆ ಉತ್ತರ ಸಿಗಬೇಕಾದರೆ ಥಾನೇದಾರ್ ಅವರಿಗಿಂತ ಅವರು ಕುಳಿತಿರುವ ಕುರ್ಚಿಯನ್ನು ನೋಡಬೇಕು.

ಟಿಕೆಟ್ ಹಂಚುವ ಹೈಕಮಾಂಡ್ ಅಲ್ಲಿಲ್ಲ

ನಮ್ಮಲ್ಲಿ ಹಾಲಿ ಸಂಸದರಿಗೆ ಟಿಕೆಟ್ ಸಿಗುತ್ತದೋ ಇಲ್ಲವೋ ಎನ್ನುವುದನ್ನು ದೆಹಲಿ ನಿರ್ಧರಿಸುತ್ತದೆ. ಅಮೆರಿಕದಲ್ಲಿ ಆ ಕೆಲಸ ಮತದಾರರದ್ದು. ಅದಕ್ಕಾಗಿಯೇ ಪ್ರೈಮರಿ ಎಂಬ ಮೊದಲ ಸುತ್ತಿನ ಚುನಾವಣೆ ನಡೆಯುತ್ತದೆ. ನಿಗದಿತ ಸಂಖ್ಯೆಯ ಸಹಿ ಸಂಗ್ರಹಿಸಿ ತಂದವರು ಯಾರು ಬೇಕಾದರೂ ಪಕ್ಷದ ಹೆಸರಿನಲ್ಲಿ ಆ ಸುತ್ತಿಗೆ ಇಳಿಯಬಹುದು. ಗೆದ್ದವರು ನವೆಂಬರ್‌ನಲ್ಲಿ ಎದುರು ಪಕ್ಷದವರ ಜೊತೆ ಸೆಣಸುತ್ತಾರೆ. ಮಿಷಿಗನ್‌ನಲ್ಲಿ ಪ್ರೈಮರಿ ಆಗಸ್ಟ್‌ನಲ್ಲಿ ನಡೆಯುತ್ತದೆ. 2026ರದ್ದಕ್ಕೆ ನಿಗದಿಯಾದ ದಿನ ಆಗಸ್ಟ್ 4.

13ನೇ ಕ್ಷೇತ್ರದಲ್ಲಿ ನವೆಂಬರ್ ಚುನಾವಣೆ ಬರೀ ಶಾಸ್ತ್ರ. ಅಲ್ಲಿ ರಿಪಬ್ಲಿಕನ್ನರಿಗೆ ಗೆಲ್ಲುವಷ್ಟು ಮತಗಳಿಲ್ಲ. ಆಗಸ್ಟ್‌ನಲ್ಲಿ ಡೆಮಾಕ್ರಟಿಕ್ ಪ್ರೈಮರಿ ಗೆದ್ದವರೇ ಸಂಸದರು ಎಂದು ಲೆಕ್ಕ. ಇನ್ನೊಂದು ಮುಖ್ಯ ಸಂಗತಿ: ಮಿಷಿಗನ್‌ನ ಪ್ರೈಮರಿಯಲ್ಲಿ ಗೆಲ್ಲಲು ಅರ್ಧಕ್ಕಿಂತ ಜಾಸ್ತಿ ಮತ ಬೇಕಿಲ್ಲ. ಎಲ್ಲರಿಗಿಂತ ಒಂದು ಮತ ಜಾಸ್ತಿ ಇದ್ದರೆ ಸಾಕು. ಮೊದಲಿಬ್ಬರ ನಡುವೆ ಎರಡನೇ ಸುತ್ತು ಅಂತ ಇಲ್ಲ. ಮುಂದೆ ಬರುವ ತಲೆನೋವುಗಳಲ್ಲಿ ಅರ್ಧ ಈ ನಿಯಮದಿಂದಲೇ ಹುಟ್ಟಿದ್ದು.

ನಂಬರ್ ಒಂದೇ, ಊರು ಬೇರೆ ಬೇರೆ

'13ನೇ ಕ್ಷೇತ್ರ' ಎಂದರೆ ಒಂದೇ ಕಡೆ ನಿಂತ ಜಾಗ ಅಂದುಕೊಂಡರೆ ಇತಿಹಾಸ ಗೋಜಲಾಗುತ್ತದೆ. ಅಮೆರಿಕದ ಕೆಳಮನೆಯ ಒಟ್ಟು ಸ್ಥಾನಗಳು 435. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಆ ಸಂಖ್ಯೆ ಅಷ್ಟೇ ಇದೆ. ಹತ್ತು ವರ್ಷಕ್ಕೊಮ್ಮೆ ಜನಗಣತಿ ಮುಗಿದ ಕೂಡಲೇ ಈ 435ನ್ನು ರಾಜ್ಯಗಳ ನಡುವೆ ಮತ್ತೆ ಹಂಚುತ್ತಾರೆ. ಜನ ಹೆಚ್ಚಿದ ರಾಜ್ಯಕ್ಕೆ ಸ್ಥಾನ ಹೆಚ್ಚು, ಹಿಂದೆ ಬಿದ್ದ ರಾಜ್ಯಕ್ಕೆ ಕಮ್ಮಿ. ಲೋಕಸಭೆಯಲ್ಲಿ ನಮ್ಮ 28 ಸ್ಥಾನಗಳು 1971ರ ಜನಗಣತಿಗೆ ಕಟ್ಟುಬಿದ್ದು ದಶಕಗಳೇ ಕಳೆದವು. ಆ ಕಟ್ಟು ಬಿಚ್ಚಿದರೆ ದಕ್ಷಿಣದ ಗತಿ ಏನು ಎಂದು ನಾವು ವಾದ ಮಾಡುತ್ತಿದ್ದೇವೆ ಅಲ್ವಾ? ಮಿಷಿಗನ್ ಆ ಪೆಟ್ಟನ್ನು ಪ್ರತಿ ದಶಕವೂ ತಿನ್ನುತ್ತಿದೆ. ಕಾರು ಉದ್ಯಮ ಮೆರೆಯುತ್ತಿದ್ದ 1960ರ ದಶಕದಲ್ಲಿ ಆ ರಾಜ್ಯಕ್ಕೆ 19 ಸ್ಥಾನಗಳಿದ್ದವು. ಆಮೇಲೆ 18, 16, 15, 14. 2020ರ ಜನಗಣತಿಯ ನಂತರ 13.

ಒಂದೊಂದು ಸ್ಥಾನ ಹೋದಾಗಲೂ ಗೆರೆಗಳನ್ನು ಅಳಿಸಿ ಹೊಸದಾಗಿ ಎಳೆಯಬೇಕು. ಆಗ ನಂಬರುಗಳೂ ಅದಲುಬದಲಾಗುತ್ತವೆ. 1993ರಿಂದ 2003ರವರೆಗೆ '13ನೇ ಕ್ಷೇತ್ರ' ಇದ್ದಿದ್ದು ಆನ್ ಆರ್ಬರ್ ಕಡೆಗೆ. ಡೆಟ್ರಾಯ್ಟ್‌ನ ಆ ಸೀಟಿಗೆ ಆಗ 15 ಎಂಬ ನಂಬರ್. 2003ರಲ್ಲಿ 13 ಮತ್ತೆ ಡೆಟ್ರಾಯ್ಟ್‌ಗೆ ವಾಪಸ್ ಬಂತು. 2013ರಲ್ಲಿ ಗೆರೆಗಳು ಇನ್ನೊಮ್ಮೆ ಬದಲಾದಾಗ, 14ನೇ ಕ್ಷೇತ್ರದ ಸಂಸದರಾಗಿದ್ದ ಜಾನ್ ಕಾನ್ಯರ್ಸ್ 13ನೇ ಕ್ಷೇತ್ರದವರಾದರು. ಡೆಟ್ರಾಯ್ಟ್ ಜನ 'ನಮ್ಮ ಸೀಟು' ಎನ್ನುವಾಗ ನಂಬರಿನ ಲೆಕ್ಕ ಇಟ್ಟಿರುವುದಿಲ್ಲ. ಅವರ ಮನಸ್ಸಿನಲ್ಲಿರುವುದು ಒಂದು ಪರಂಪರೆ.

ಡಿಗ್ಸ್‌ರಿಂದ ಶುರುವಾದ ಸಾಲು

ಆ ಪರಂಪರೆ ಶುರುವಾಗಿದ್ದೂ ಒಂದು ಪ್ರೈಮರಿಯಿಂದಲೇ. 1954ರಲ್ಲಿ ಚಾರ್ಲ್ಸ್ ಡಿಗ್ಸ್ ಎಂಬ ಯುವಕ, 13ನೇ ಕ್ಷೇತ್ರದ ಹಾಲಿ ಡೆಮಾಕ್ರಟಿಕ್ ಸಂಸದ ಜಾರ್ಜ್ ಓಬ್ರಿಯನ್ ಅವರನ್ನು ಪಕ್ಷದೊಳಗೇ ಸೋಲಿಸಿದರು. ಮಿಷಿಗನ್‌ನಿಂದ ಸಂಸತ್ತಿಗೆ ಹೋದ ಮೊದಲ ಕಪ್ಪು ಪ್ರತಿನಿಧಿ ಅವರು.

ಕುರ್ಚಿಯಲ್ಲಿ ಕೂತು ಒಂಬತ್ತು ತಿಂಗಳೂ ಆಗಿರಲಿಲ್ಲ. ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಹುಡುಗನನ್ನು ಕೊಂದವರ ವಿಚಾರಣೆ ನಡೆಯಿತು. ಡಿಗ್ಸ್ ಅಲ್ಲಿಗೆ ಹೋದರು. ಕೋರ್ಟಿನಲ್ಲಿ ಬಿಳಿಯರು ಒಂದು ಕಡೆ, ಕಪ್ಪು ಜನ ಇನ್ನೊಂದು ಕಡೆ. ದೇಶದ ಸಂಸದನನ್ನು ಕೂರಿಸಿದ್ದು ಮೂಲೆಯ ಒಂದು ಪುಟ್ಟ ಇಸ್ಪೀಟು ಮೇಜಿನ ಪಕ್ಕ, ಕಪ್ಪು ಪತ್ರಕರ್ತರ ಜೊತೆ. ಆಗ ಮಿಸಿಸಿಪ್ಪಿಯಲ್ಲಿ ಹೆಚ್ಚಿನ ಕಪ್ಪು ಜನರಿಗೆ ಮತ ಹಾಕಲೇ ಬಿಡುತ್ತಿರಲಿಲ್ಲ. ಹಾಗಾಗಿ ಡಿಗ್ಸ್ ಡೆಟ್ರಾಯ್ಟ್‌ಗೆ ಮಾತ್ರವಲ್ಲ, ತಮ್ಮದೇ ಸಂಸದ ಇಲ್ಲದ ದಕ್ಷಿಣದ ಲಕ್ಷಾಂತರ ಜನರಿಗೂ ಸಂಸದರಾಗಿದ್ದರು. 1971ರಲ್ಲಿ ಕಪ್ಪು ಸಂಸದರ ಒಕ್ಕೂಟ ರೂಪುಗೊಂಡಾಗ ಅದರ ಮೊದಲ ಅಧ್ಯಕ್ಷರೂ ಅವರೇ.

ಅವರ ಅಂತ್ಯ ಚೆನ್ನಾಗಿರಲಿಲ್ಲ. ಸಿಬ್ಬಂದಿಯ ಸಂಬಳ ಏರಿಸಿ ಅದರಲ್ಲಿ ಪಾಲು ಪಡೆದ ಪ್ರಕರಣದಲ್ಲಿ 1978ರಲ್ಲಿ ಅಪರಾಧಿ ಎಂದು ತೀರ್ಪಾಯಿತು. ಆದರೂ ಅದೇ ನವೆಂಬರ್‌ನಲ್ಲಿ ಜನ ಮತ್ತೆ ಗೆಲ್ಲಿಸಿದರು! 1980ರಲ್ಲಿ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಜಾರ್ಜ್ ಕ್ರಾಕೆಟ್, ಆಮೇಲೆ ಬಾರ್ಬರಾ ರೋಸ್ ಕಾಲಿನ್ಸ್, ಆಮೇಲೆ ಕ್ಯಾರೊಲಿನ್ ಚೀಕ್ಸ್ ಕಿಲ್‌ಪ್ಯಾಟ್ರಿಕ್. ಊರಿನ ಇನ್ನೊಂದು ಭಾಗದಿಂದ 1964ರಲ್ಲಿ ಗೆದ್ದ ಕಾನ್ಯರ್ಸ್ ಅರ್ಧ ಶತಮಾನ ದಾಟಿದರು. ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಲು ಒಪ್ಪದೆ ಹೆಸರಾದ ರೋಸಾ ಪಾರ್ಕ್ಸ್ ಎರಡು ದಶಕಕ್ಕೂ ಹೆಚ್ಚು ಕಾಲ ಅವರ ಡೆಟ್ರಾಯ್ಟ್ ಕಚೇರಿಯಲ್ಲಿ ಕೆಲಸ ಮಾಡಿದರು. ಮಾರ್ಟಿನ್ ಲೂಥರ್ ಕಿಂಗ್ ಹೆಸರಿನ ರಾಷ್ಟ್ರೀಯ ರಜೆಗಾಗಿ 1968ರಲ್ಲಿ ಮೊದಲು ಮಸೂದೆ ತಂದವರು ಕಾನ್ಯರ್ಸ್. ಅದು ಕಾಯ್ದೆಯಾಗಿದ್ದು 1983ರಲ್ಲಿ.

ನಮ್ಮ ಓದುಗರಿಗೆ ಗೊತ್ತಿಲ್ಲದ ಒಂದು ಸಂಗತಿ ಈ ಸಾಲಿನಲ್ಲಿದೆ. 2010ರ ಪ್ರೈಮರಿಯಲ್ಲಿ ಕಿಲ್‌ಪ್ಯಾಟ್ರಿಕ್ ಅವರನ್ನು ಸೋಲಿಸಿದ ಹ್ಯಾನ್ಸನ್ ಕ್ಲಾರ್ಕ್ ಅವರ ತಂದೆ ಈಗಿನ ಬಾಂಗ್ಲಾದೇಶದಿಂದ ಬಂದವರು. ತಾಯಿ ಕಪ್ಪು ಅಮೆರಿಕನ್. ಹಾಗಾಗಿ ಈ ಸೀಟಿನಿಂದ ಸಂಸತ್ತಿಗೆ ಹೋದ ದಕ್ಷಿಣ ಏಷ್ಯಾ ಮೂಲದವರಲ್ಲಿ ಥಾನೇದಾರ್ ಮೊದಲಿಗರಲ್ಲ. ಆದರೆ ಕ್ಲಾರ್ಕ್ ಡೆಟ್ರಾಯ್ಟ್‌ನಲ್ಲೇ ಹುಟ್ಟಿ ಬೆಳೆದವರು. ಸಾಲು ತಪ್ಪಿತು ಎಂದು ಆಗ ಯಾರಿಗೂ ಅನ್ನಿಸಲಿಲ್ಲ.

ಒಂದೇ ದಿನ, ಇಬ್ಬರು ವಿಜೇತರು

ಲೈಂಗಿಕ ಕಿರುಕುಳದ ಆರೋಪಗಳ ನಡುವೆ ಕಾನ್ಯರ್ಸ್ 2017ರ ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಆಮೇಲೆ ನಡೆದಿದ್ದನ್ನು ಸ್ವಲ್ಪ ನಿಧಾನಕ್ಕೆ ನೋಡಬೇಕು. ಈ ಕ್ಷೇತ್ರದ ಕಷ್ಟವೆಲ್ಲ ಅದರಲ್ಲಿದೆ.

2018ರ ಆಗಸ್ಟ್‌ನಲ್ಲಿ 13ನೇ ಕ್ಷೇತ್ರದ ಮತದಾರರ ಕೈಗೆ ಬಂದ ಮತಪತ್ರದಲ್ಲಿ ಈ ಸೀಟಿನ ಬಗ್ಗೆ ಎರಡು ಪ್ರಶ್ನೆಗಳಿದ್ದವು. ಒಂದು, ಕಾನ್ಯರ್ಸ್ ಬಿಟ್ಟುಹೋದ ಅವಧಿಯ ಉಳಿದ ಕೆಲವು ವಾರಗಳಿಗೆ ಯಾರು? ಇನ್ನೊಂದು, ಮುಂದಿನ ಪೂರ್ತಿ ಎರಡು ವರ್ಷಕ್ಕೆ ಯಾರು? ಮೊದಲನೆಯದರಲ್ಲಿ ನಾಲ್ವರು ಅಭ್ಯರ್ಥಿಗಳು, ಎರಡನೆಯದರಲ್ಲಿ ಆರು. ಹೆಚ್ಚುವರಿ ಇಬ್ಬರಲ್ಲಿ ಒಬ್ಬರು, ಡೆಟ್ರಾಯ್ಟ್‌ನ ಮೊದಲ ಕಪ್ಪು ಮೇಯರ್ ಕೋಲ್ಮನ್ ಯಂಗ್ ಅವರ ಮಗ.

ಮತ ಎಣಿಸಿದಾಗ ಕೆಲವು ವಾರಗಳ ಅವಧಿಗೆ ಗೆದ್ದವರು ನಗರ ಕೌನ್ಸಿಲ್ ಅಧ್ಯಕ್ಷೆ ಬ್ರೆಂಡಾ ಜೋನ್ಸ್. ಪೂರ್ತಿ ಅವಧಿಗೆ ಗೆದ್ದವರು ಪ್ಯಾಲೆಸ್ಟೀನ್ ಮೂಲದ ರಶೀದಾ ತ್ಲೈಬ್. ಅಂತರ ಸುಮಾರು 900 ಮತ. ತ್ಲೈಬ್‌ಗೆ ಬಿದ್ದಿದ್ದು ಸುಮಾರು ಶೇ 31, ಜೋನ್ಸ್‌ಗೆ ಸುಮಾರು ಶೇ 30. ಅದೇ ದಿನ, ಅದೇ ಬೂತು, ಅದೇ ಜನ. ಬದಲಾಗಿದ್ದು ಪಟ್ಟಿಯಲ್ಲಿದ್ದ ಹೆಸರುಗಳ ಸಂಖ್ಯೆ ಮಾತ್ರ. ಯಂಗ್ ಹೆಸರಿಗೆ ಪೂರ್ತಿ ಅವಧಿಯ ಪಟ್ಟಿಯಲ್ಲಿ ಶೇ 12ಕ್ಕೂ ಜಾಸ್ತಿ ಮತ ಬಿದ್ದಿತ್ತು. ಮತ ಒಡೆಯಿತು ಎಂದು ನಮ್ಮಲ್ಲಿ ಪ್ರತಿ ಚುನಾವಣೆಯಲ್ಲೂ ಹೇಳುತ್ತೇವೆ. ಆದರೆ ಒಡೆಯದೇ ಇದ್ದಿದ್ದರೆ ಏನಾಗುತ್ತಿತ್ತು ಎನ್ನುವುದು ಅದೇ ಮತಪತ್ರದಲ್ಲಿ ಪಕ್ಕದಲ್ಲೇ ಕಾಣುವುದು ತೀರಾ ಅಪರೂಪ.

ಜೋನ್ಸ್ ಸುಮಾರು ಐದು ವಾರ ಸಂಸದೆಯಾಗಿದ್ದರು. 2019ರ ಜನವರಿಯಲ್ಲಿ ತ್ಲೈಬ್ ಬಂದರು. ಆಗಲೂ ಗಲಾಟೆ ಜೋರಾಗಲಿಲ್ಲ. ಕಾರಣ, ಡೆಟ್ರಾಯ್ಟ್‌ನ ಇನ್ನೊಂದು ಭಾಗವಿದ್ದ 14ನೇ ಕ್ಷೇತ್ರದಲ್ಲಿ ಬ್ರೆಂಡಾ ಲಾರೆನ್ಸ್ ಎಂಬ ಕಪ್ಪು ಸಂಸದೆ ಇದ್ದರು.

ಜನ ಕಮ್ಮಿಯಾದರು, ಗೆರೆ ಊರಾಚೆ ಹೋಯಿತು

ಡೆಟ್ರಾಯ್ಟ್‌ನ ಜನಸಂಖ್ಯೆ 1950ರಲ್ಲಿ 18 ಲಕ್ಷದ 49 ಸಾವಿರ. 2020ರಲ್ಲಿ 6 ಲಕ್ಷದ 39 ಸಾವಿರ. ಈಗ ಮಿಷಿಗನ್‌ನ ಒಂದು ಕ್ಷೇತ್ರಕ್ಕೆ ಬೇಕಾದ ಜನ ಸುಮಾರು 7 ಲಕ್ಷದ 75 ಸಾವಿರ. 1964ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಒಂದು ರಾಜ್ಯದೊಳಗಿನ ಕ್ಷೇತ್ರಗಳ ಜನಸಂಖ್ಯೆ ಸಮನಾಗಿರಲೇಬೇಕು. ಅಂದರೆ ಇಡೀ ಡೆಟ್ರಾಯ್ಟ್ ನಗರವನ್ನು ಒಟ್ಟಿಗೆ ಹಿಡಿದರೂ ಈಗ ಒಂದು ಕ್ಷೇತ್ರ ತುಂಬುವುದಿಲ್ಲ. ಹೊರಗಿನ ಊರುಗಳನ್ನು ಸೇರಿಸಲೇಬೇಕು. ಯಾವ ಊರು, ಎಷ್ಟು, ಯಾವ ಕಡೆಗೆ ಎನ್ನುವುದರ ಮೇಲೆ ಫಲಿತಾಂಶ ನಿಂತಿರುತ್ತದೆ.

2011ರಲ್ಲಿ ಈ ಕೆಲಸ ರಾಜ್ಯದ ಶಾಸಕಾಂಗದ ಕೈಯಲ್ಲಿತ್ತು. ಅಲ್ಲಿ ಬಹುಮತ ಇದ್ದಿದ್ದು ರಿಪಬ್ಲಿಕನ್ನರಿಗೆ. ಅವರು ಕಪ್ಪು ಮತದಾರರನ್ನು ಎರಡು ಕ್ಷೇತ್ರಗಳಲ್ಲಿ ಒತ್ತಾಗಿ ತುಂಬಿದರು. 14ನೇ ಕ್ಷೇತ್ರ ಡೆಟ್ರಾಯ್ಟ್‌ನಿಂದ ಸೊಟ್ಟಸೊಟ್ಟ ಹೋಗಿ ದೂರದ ಪಾಂಟಿಯಾಕ್ ಮುಟ್ಟುತ್ತಿತ್ತು. ಆ ಎರಡರಲ್ಲಿ ಡೆಮಾಕ್ರಟರು ಭರ್ಜರಿಯಾಗಿ ಗೆಲ್ಲುತ್ತಿದ್ದರು, ಸುತ್ತಲಿನ ಕ್ಷೇತ್ರಗಳಲ್ಲಿ ಕೊಂಚದರಲ್ಲಿ ಸೋಲುತ್ತಿದ್ದರು. 2012ರಲ್ಲಿ ಒಬಾಮಾ ಮಿಷಿಗನ್ ಗೆದ್ದರೂ ರಾಜ್ಯದ 14 ಸಂಸದರಲ್ಲಿ 9 ಮಂದಿ ರಿಪಬ್ಲಿಕನ್ನರು.

ಜನರಿಗೆ ಸಿಟ್ಟು ಬಂತು. 2018ರ ಜನಮತದಲ್ಲಿ ಶೇ 61ರಷ್ಟು ಮತದಾರರು ಗೆರೆ ಎಳೆಯುವ ಕೆಲಸವನ್ನು ರಾಜಕಾರಣಿಗಳಿಂದ ಕಿತ್ತುಕೊಂಡರು. 13 ಮಂದಿ ಸಾಮಾನ್ಯ ನಾಗರಿಕರ ಆಯೋಗ ಬಂತು: 4 ಡೆಮಾಕ್ರಟರು, 4 ರಿಪಬ್ಲಿಕನ್ನರು, ಯಾವ ಪಕ್ಷಕ್ಕೂ ಸೇರದ 5 ಮಂದಿ. ಆಯ್ಕೆ ಲಾಟರಿ ಮೂಲಕ. ಕೇಳಲು ಬಹಳ ಚೆನ್ನಾಗಿದೆ. ಒಂದು ಮಟ್ಟಿಗೆ ಕೆಲಸವೂ ಮಾಡಿತು. ಹೊಸ ನಕ್ಷೆಯಲ್ಲಿ ಮಿಷಿಗನ್‌ನ ಸಂಸದರು 2022ರಲ್ಲಿ 7–6 ಡೆಮಾಕ್ರಟರ ಕಡೆಗೆ, 2024ರಲ್ಲಿ 7–6 ರಿಪಬ್ಲಿಕನ್ನರ ಕಡೆಗೆ ವಾಲಿದರು. ಗಾಳಿ ಬೀಸಿದ ಕಡೆ ಸೀಟು ಹೋಯಿತು, ಹೋಗಬೇಕಾದ್ದೇ.

ಆದರೆ ಇದರ ಬೆಲೆ ತೆತ್ತಿದ್ದು ಡೆಟ್ರಾಯ್ಟ್. ಒತ್ತಾಗಿ ತುಂಬಿದ್ದನ್ನು ಬಿಡಿಸಲು ಆಯೋಗ ನಗರದ ಮತದಾರರನ್ನು ಹೊರಗಿನ ಬಿಳಿಯರ ಊರುಗಳ ಜೊತೆ ಬೆರೆಸಿತು. ಪಶ್ಚಿಮದ ಭಾಗ ಡಿಯರ್‌ಬೋರ್ನ್, ಲಿವೋನಿಯಾ ಜೊತೆ 12ನೇ ಕ್ಷೇತ್ರಕ್ಕೆ ಹೋಯಿತು. ಉಳಿದದ್ದು ಶ್ರೀಮಂತರ ಗ್ರಾಸ್ ಪಾಯಿಂಟ್, ದಕ್ಷಿಣದ ಕಾರ್ಮಿಕರ ಟೇಲರ್, ಲಿಂಕನ್ ಪಾರ್ಕ್ ಜೊತೆ 13ಕ್ಕೆ ಸೇರಿತು. ಎರಡರಲ್ಲೂ ಕಪ್ಪು ಮತದಾರರು ದೊಡ್ಡ ಗುಂಪು, ಆದರೆ ಅರ್ಧಕ್ಕಿಂತ ಕಮ್ಮಿ. ಡೆಟ್ರಾಯ್ಟ್‌ನ ಶಾಸಕರು ರಾಜ್ಯದ ಸುಪ್ರೀಂ ಕೋರ್ಟಿಗೆ ಹೋದರು. 2022ರ ಫೆಬ್ರುವರಿಯಲ್ಲಿ 4–3 ಅಂತರದಲ್ಲಿ ಸೋತರು.

2022ರಲ್ಲಿ ನಡೆದಿದ್ದು

ಹೊಸ ನಕ್ಷೆ ಬಂದ ಮೇಲೆ ತ್ಲೈಬ್ 12ಕ್ಕೆ ಹೋದರು. ಲಾರೆನ್ಸ್ ನಿವೃತ್ತಿ ಘೋಷಿಸಿದರು. 13 ಖಾಲಿಯಾಯಿತು. ಡೆಮಾಕ್ರಟಿಕ್ ಪ್ರೈಮರಿಗೆ ಒಂಬತ್ತು ಮಂದಿ ಇಳಿದರು, ಅವರಲ್ಲಿ ಬಹುತೇಕರು ಕಪ್ಪು ಸಮುದಾಯದವರು. ಹೀಗಾದರೆ ಮತ ಒಡೆಯುತ್ತದೆ ಎಂದು ಸಮುದಾಯದ ಹಿರಿಯರಿಗೆ ಮೊದಲೇ ಗೊತ್ತಿತ್ತು. 2018ರ ಪಾಠ ಮರೆತಿರಲಿಲ್ಲ. ಒಬ್ಬರ ಹಿಂದೆ ಎಲ್ಲರೂ ನಿಲ್ಲೋಣ ಎಂದು ಸಭೆ ಸೇರಿ ಆಡಂ ಹಾಲಿಯರ್ ಎಂಬ ರಾಜ್ಯ ಸೆನೆಟರ್ ಹೆಸರು ಹೇಳಿದರು. ಉಳಿದವರು ಕಣದಿಂದ ಹಿಂದೆ ಸರಿಯಲಿಲ್ಲ. ಹಿಂದೆ ಸರಿಸುವ ಹೈಕಮಾಂಡೂ ಇಲ್ಲ.

ಥಾನೇದಾರ್ ಹತ್ತಿರ ಸ್ವಂತ ದುಡ್ಡಿತ್ತು. 2018ರಲ್ಲಿ ಗವರ್ನರ್ ಪ್ರೈಮರಿಗೆ ಹತ್ತು ಮಿಲಿಯನ್ ಡಾಲರ್‌ಗೂ ಜಾಸ್ತಿ ಸುರಿದು ಮೂರನೇ ಸ್ಥಾನಕ್ಕೆ ಬಂದಿದ್ದರು. ಸೋತರೂ ಹೆಸರು ಮನೆಮನೆಗೆ ಮುಟ್ಟಿತ್ತು. ಆಮೇಲೆ ಆನ್ ಆರ್ಬರ್ ಬಿಟ್ಟು ಡೆಟ್ರಾಯ್ಟ್‌ಗೆ ಬಂದು 2020ರಲ್ಲಿ ರಾಜ್ಯದ ಕೆಳಮನೆಗೆ ಆಯ್ಕೆಯಾದರು. 2022ರಲ್ಲೂ ಟಿವಿ ಜಾಹೀರಾತು, ಅಂಚೆಯಲ್ಲಿ ಕರಪತ್ರ ಎಂದು ಮಿಲಿಯನ್‌ಗಟ್ಟಲೆ ಖರ್ಚು ಮಾಡಿದರು. ಹಾಲಿಯರ್ ಪರವಾಗಿಯೂ ದುಡ್ಡು ಕಮ್ಮಿ ಬರಲಿಲ್ಲ. ಇಸ್ರೇಲ್ ಪರ ಗುಂಪೊಂದು ಸುಮಾರು 4 ಮಿಲಿಯನ್ ಡಾಲರ್ ಹಾಕಿತು. ಹಾಗಾಗಿ ಒಂದು ಕಡೆ ದುಡ್ಡು, ಇನ್ನೊಂದು ಕಡೆ ಬರೀ ಜನ ಎಂದು ಚಿತ್ರಿಸುವುದು ಸರಿಯಲ್ಲ.

ಥಾನೇದಾರ್‌ಗೆ ಸುಮಾರು ಶೇ 28, ಹಾಲಿಯರ್‌ಗೆ ಸುಮಾರು ಶೇ 24. ಅಲ್ಲಿಗೆ ಸೀಟು ಥಾನೇದಾರ್ ಪಾಲಾಯಿತು. ನವೆಂಬರ್‌ನಲ್ಲಿ ಶೇ 71 ಮತ ಬಂದಿದ್ದು ಪಕ್ಷದ ಚಿಹ್ನೆಗೆ. 2023ರ ಜನವರಿಯಲ್ಲಿ ಅವರು ಪ್ರಮಾಣವಚನ ತೆಗೆದುಕೊಂಡಾಗ, 1955ರಿಂದ ಕಡಿಯದೇ ಬಂದಿದ್ದ ಡೆಟ್ರಾಯ್ಟ್‌ನ ಕಪ್ಪು ಸಂಸದರ ಸಾಲು ಮೊದಲ ಬಾರಿಗೆ ಕಡಿಯಿತು. ನಗರದ ಜನರಲ್ಲಿ ನಾಲ್ಕರಲ್ಲಿ ಮೂವರು ಕಪ್ಪು ಸಮುದಾಯದವರು. ಥಾನೇದಾರ್ ಗೆಲುವಿನಲ್ಲಿ ಭಾರತೀಯ ಮೂಲದವರ ಮತದ ಪಾತ್ರ ಇಲ್ಲವೆನ್ನುವಷ್ಟು ಚಿಕ್ಕದು. ನಮ್ಮವರು ಜಾಸ್ತಿ ಇರುವ ಟ್ರಾಯ್, ನೋವೈ, ಕ್ಯಾಂಟನ್ ಊರುಗಳು ಈ ಕ್ಷೇತ್ರದ ಹೊರಗಿವೆ.

2024ರಲ್ಲಿ ಹಾಲಿಯರ್ ಮತ್ತೆ ಬಂದರು. ಬೇಕಾಗಿದ್ದ 1,000 ಸರಿಯಾದ ಸಹಿಗಳನ್ನು ಒದಗಿಸಲಾಗದೆ ಪಟ್ಟಿಯಿಂದಲೇ ಹೊರಬಿದ್ದರು. ನಗರ ಕೌನ್ಸಿಲ್ ಸದಸ್ಯೆ ಮೇರಿ ವಾಟರ್ಸ್ ಎದುರು ಥಾನೇದಾರ್ ಸುಮಾರು ಶೇ 55 ಪಡೆದರು. ಈ ಬಾರಿ ಮತ ಒಡೆದು ಗೆದ್ದರು ಎನ್ನುವಂತಿಲ್ಲ. ಪ್ರಬಲ ಎದುರಾಳಿ ಇರಲಿಲ್ಲ ಎನ್ನಬಹುದು ಅಷ್ಟೇ.

ಯಾರು ಏನು ಹೇಳುತ್ತಿದ್ದಾರೆ?

ಡೆಟ್ರಾಯ್ಟ್‌ನ ಹಳೆಯ ನಾಯಕರ ವಾದ ನೇರವಾಗಿದೆ. ಕಪ್ಪು ಜನರ ಮತದ ಹಕ್ಕಿಗಾಗಿ 1965ರಲ್ಲಿ ಕಾಯ್ದೆ ಬಂತು. ದೇಶದ ದೊಡ್ಡ ಕಪ್ಪು ನಗರಗಳಲ್ಲಿ ಒಂದಕ್ಕೆ ಈಗ ತನ್ನ ದನಿಯೇ ಇಲ್ಲವೆಂದರೆ ಆ ಕಾಯ್ದೆ ಇದ್ದು ಏನು ಪ್ರಯೋಜನ?

ಥಾನೇದಾರ್ ಬೆಂಬಲಿಗರು ಕೇಳುವ ಪ್ರಶ್ನೆಯೂ ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ: ಎಲ್ಲರೂ ನಿಂತರು, ಜನ ಮತ ಹಾಕಿದರು, ಇವರು ಗೆದ್ದರು. ಪ್ರತಿನಿಧಿಯ ಬಣ್ಣ ಮತದಾರರ ಬಣ್ಣಕ್ಕೆ ಹೊಂದಲೇಬೇಕು ಎಂದು ಯಾವ ಕಾನೂನಿನಲ್ಲಿದೆ? ಹಾಗೆ ನೋಡಿದರೆ 2022 ಮತ್ತು 2024ರಲ್ಲಿ ಅವರ ಎದುರು ನಿಂತ ರಿಪಬ್ಲಿಕನ್ ಅಭ್ಯರ್ಥಿ ಕಪ್ಪು ಸಮುದಾಯದವರು. ಸಮುದಾಯ ಅವರ ಕಡೆ ಹೋಗಲಿಲ್ಲ.

ಮೆಕಿನ್ನಿ ಕಡೆಯವರು ಇನ್ನೊಂದು ದಾರಿ ಹಿಡಿದಿದ್ದಾರೆ. ಅವರು ಬಣ್ಣಕ್ಕಿಂತ ಜಾಸ್ತಿ ದುಡ್ಡಿನ ಬಗ್ಗೆ ಮಾತಾಡುತ್ತಾರೆ. ಬಡವರ ಕ್ಷೇತ್ರಕ್ಕೆ ಕೋಟ್ಯಧಿಪತಿ ಯಾಕೆ ಎನ್ನುವುದು ಅವರ ಪ್ರಶ್ನೆ. 2025ರ ಏಪ್ರಿಲ್‌ನಲ್ಲಿ ಥಾನೇದಾರ್ ಟ್ರಂಪ್ ವಿರುದ್ಧ ಏಳು ಆರೋಪಗಳ ಮಹಾಭಿಯೋಗ ನಿರ್ಣಯ ಮಂಡಿಸಿದರು. ಮೇ ತಿಂಗಳಲ್ಲಿ ಮತಕ್ಕೆ ಹಾಕಲು ಹೋಗಿ, ಸ್ವಪಕ್ಷದವರೇ ಬೇಡವೆಂದಾಗ ಕೈಬಿಟ್ಟರು. ಪ್ರೈಮರಿ ಹತ್ತಿರ ಬಂತೆಂದು ಮಾಡಿದ್ದು ಎಂದು ವಿರೋಧಿಗಳು, ಕರ್ತವ್ಯ ಎಂದು ಅವರು. ಎರಡೂ ಇರಬಹುದು.

ನನಗೆ ಇಲ್ಲಿ ದೊಡ್ಡ ತಪ್ಪು ಕಾಣುವುದು ಆಯೋಗದ ಲೆಕ್ಕದಲ್ಲಿ. ಶೇ 40–45 ಕಪ್ಪು ಮತದಾರರಿದ್ದರೂ ಅವರಿಗೆ ಬೇಕಾದವರು ಗೆಲ್ಲುತ್ತಾರೆ ಎಂದು ತಜ್ಞರು ಹೇಳಿದ್ದರು. ನವೆಂಬರ್ ಚುನಾವಣೆಯ ಮಟ್ಟಿಗೆ ಅದು ನಿಜ. ಆದರೆ ಇಲ್ಲಿ ಎಲ್ಲ ತೀರ್ಮಾನವಾಗುವುದು ಆಗಸ್ಟ್‌ನಲ್ಲಿ. ಅವರ ಕೈಯಲ್ಲಿದ್ದ ರಾಜ್ಯಮಟ್ಟದ ಡೆಮಾಕ್ರಟಿಕ್ ಪ್ರೈಮರಿಯ ಅಂಕಿಅಂಶ ಒಂದೇ, 2018ರ ಗವರ್ನರ್ ಸ್ಪರ್ಧೆಯದು. ಅದರಲ್ಲಿ ಕಪ್ಪು ಅಭ್ಯರ್ಥಿ ಒಬ್ಬರೂ ಇರಲಿಲ್ಲ. ಇದ್ದ ಮೂವರಲ್ಲಿ ಒಬ್ಬರು ಶ್ರೀ ಥಾನೇದಾರ್! ಇದೇ ಆಯೋಗ ರಾಜ್ಯದ ಶಾಸನಸಭೆಗೆ ಎಳೆದ ಡೆಟ್ರಾಯ್ಟ್ ಭಾಗದ 13 ಕ್ಷೇತ್ರಗಳನ್ನು 2023ರ ಡಿಸೆಂಬರ್‌ನಲ್ಲಿ ಫೆಡರಲ್ ನ್ಯಾಯಾಧೀಶರು ರದ್ದು ಮಾಡಿದರು. ಗೆರೆ ಎಳೆಯುವಾಗ ಜನಾಂಗದ ಲೆಕ್ಕವೇ ಮೇಲುಗೈ ಪಡೆದಿತ್ತು ಎಂಬುದು ತೀರ್ಪು. ಸಂಸತ್ ಕ್ಷೇತ್ರಗಳ ನಕ್ಷೆ ಆ ಮೊಕದ್ದಮೆಯಲ್ಲಿ ಇರಲಿಲ್ಲ. ಹಾಗಾಗಿ 13 ಹಾಗೆಯೇ ಉಳಿಯಿತು.

ಮುಂದೇನಾಗಬಹುದು?

ಥಾನೇದಾರ್ ಎದುರು ಒಬ್ಬರೇ ಗಟ್ಟಿ ಅಭ್ಯರ್ಥಿ ಉಳಿದರೆ ಶೇ 28ರ ಗೆಲುವು ಮತ್ತೆ ಸಿಗುವುದಿಲ್ಲ, ಅರ್ಧ ದಾಟಬೇಕಾಗುತ್ತದೆ. ಹೆಸರುಗಳು ಹೆಚ್ಚಿದಷ್ಟೂ ಹಾಲಿ ಸಂಸದರಿಗೆ ಅನುಕೂಲ. ಮತದಾರರು ಮೊದಲ, ಎರಡನೇ, ಮೂರನೇ ಆಯ್ಕೆ ಎಂದು ಗುರುತಿಸುವ ಪದ್ಧತಿ ಮೇನ್ ಮತ್ತು ಅಲಾಸ್ಕಾದಲ್ಲಿದೆ. ಮಿಷಿಗನ್‌ಗೆ ಅದು ಬಂದರೆ ಮತ ಒಡೆಯುವ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಆಗಲೂ ಗೆಲ್ಲುವವರು ಕಪ್ಪು ಅಭ್ಯರ್ಥಿಯೇ ಆಗಬೇಕೆಂದಿಲ್ಲ. ಹೆಚ್ಚು ಜನರಿಗೆ ಒಪ್ಪಿಗೆಯಾದವರು ಗೆಲ್ಲುತ್ತಾರೆ.

ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳಲ್ಲಿ 2025ರಲ್ಲಿ ಆದಂತೆ ದಶಕದ ನಡುವೆ ನಕ್ಷೆ ಬದಲಿಸುವುದು ಮಿಷಿಗನ್‌ನ ರಾಜಕಾರಣಿಗಳಿಗೆ ಸುಲಭವಲ್ಲ. ಆ ಅಧಿಕಾರವನ್ನು ರಾಜ್ಯದ ಸಂವಿಧಾನ ಆಯೋಗಕ್ಕೆ ಕೊಟ್ಟಿದೆ, ಅದೂ ಜನಗಣತಿಯ ನಂತರ ಒಮ್ಮೆ. ಹಾಗಾಗಿ ಡೆಟ್ರಾಯ್ಟ್‌ನ ಕಣ್ಣು 2030ರ ಜನಗಣತಿಯ ಮೇಲಿದೆ. ಜನಗಣತಿ ಇಲಾಖೆಯ ಅಂದಾಜಿನಂತೆ 2023ರಲ್ಲಿ ನಗರದ ಜನಸಂಖ್ಯೆ 1957ರ ನಂತರ ಮೊದಲ ಬಾರಿಗೆ ಏರಿತು. ಏರಿಕೆ ಸಣ್ಣದು. ಈಗಿನ ಅಳತೆಯಲ್ಲಿ ಒಂದು ಪೂರ್ತಿ ಕ್ಷೇತ್ರ ತುಂಬಲು ಇನ್ನೂ ಒಂದು ಲಕ್ಷಕ್ಕೂ ಜಾಸ್ತಿ ಜನ ಬೇಕು. ಹೊಸ ಆಯೋಗ ಎಳೆಯುವ ಗೆರೆಗಳು 2032ರ ಚುನಾವಣೆಗೆ ಜಾರಿಗೆ ಬರುತ್ತವೆ. ಅಲ್ಲಿಯವರೆಗೆ ಗ್ರಾಸ್ ಪಾಯಿಂಟ್, ಟೇಲರ್ ಮತ್ತು ಡೆಟ್ರಾಯ್ಟ್‌ನ ಪೂರ್ವ ಭಾಗದವರು ಒಂದೇ ಮತಪತ್ರದಲ್ಲಿ ತಮ್ಮ ಸಂಸದರನ್ನು ಆರಿಸಬೇಕು.